ಸೆರೆಯಲ್ಲಿ ಕಂಡ ಗಿರಿಶಿಖರಗಳು

ಪರ್ವತಪ್ರೇಮವೆಂಬುದು ಬಿಡುವುಳ್ಳವರ ವಿಲಾಸವೋ, ಬಾಳನ್ನು ರೂಪಿಸಬಲ್ಲ ಸೃಜನಶಕ್ತಿಯೋ ಎಂಬ ಪ್ರಶ್ನೆ ಹಳೆಯದು. ಪರ್ವತವೇ ಕಣ್ಮರೆಯಾದಾಗ ಆ ಪ್ರೇಮದಲ್ಲಿ ಏನು ಉಳಿಯುತ್ತದೆ ಎಂಬುದರಿಂದ ಅದರ ಬೆಲೆಯನ್ನು ಅಳೆಯಬಹುದೆಂದು ನಮಗೆ ತೋರುತ್ತದೆ. ಇಂಥ ಪರೀಕ್ಷೆಗೊಳಗಾದ ಗ್ರಂಥಗಳು ವಿರಳ. ಡಬ್ಲ್ಯು. ಎಚ್. ಮರ್ರೆಯವರು ಬರೆದು 1947ರಲ್ಲಿ ಪ್ರಕಟವಾದ ‘ಮೌಂಟನಿಯರಿಂಗ್ ಇನ್ ಸ್ಕಾಟ್ಲೆಂಡ್’ ಅವುಗಳಲ್ಲೊಂದು.

ಮರ್ರೆಯವರು 1913ರಲ್ಲಿ ಜನಿಸಿದರು. ಗ್ಲಾಸ್ಗೋ ನಗರದ ಬ್ಯಾಂಕೊಂದರಲ್ಲಿ ಉದ್ಯೋಗಿಯಾಗಿದ್ದರು. ವಾರದ ಕೊನೆಯ ಬಿಡುವಿನಲ್ಲಿ ಗ್ಲೆನ್‌ಕೋ ಕಣಿವೆಯ ಬಂಡೆಗಳನ್ನೂ ಬೆನ್ ನೆವಿಸ್ ಪರ್ವತದ ಹಿಮಗಟ್ಟಿದ ಏಣುಗಳನ್ನೂ ಏರುವುದು ಅವರ ವ್ರತವಾಗಿತ್ತು. ಬೆನ್ ನೆವಿಸಿನ ಎತ್ತರ 1,345 ಮೀಟರುಗಳು ಮಾತ್ರ. ಆದರೂ ಚಳಿಗಾಲದ ಅಲ್ಪಾವಧಿಯ ಹಗಲು, ಬಿರುಗಾಳಿ, ಮಂಜುಗಡ್ಡೆ ಇವುಗಳಿಂದ ಆ ಆರೋಹಣ ಕಠಿನವಾದುದು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯವನ್ನು ಸೇರಿದ ಅವರು 1942ರ ಜೂನ್ ತಿಂಗಳಲ್ಲಿ ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಜರ್ಮನರಿಗೆ ಸೆರೆಸಿಕ್ಕರು. ಮುಂದಿನ ಸುಮಾರು ಮೂರು ವರ್ಷಗಳು ಇಟಲಿ, ಚೆಕೊಸ್ಲೊವಾಕಿಯ, ಜರ್ಮನಿಗಳ ಸೆರೆಶಿಬಿರಗಳಲ್ಲಿ ಕಳೆದುವು.

ಪ್ರಕೃತ ಗ್ರಂಥ ಹುಟ್ಟಿದ್ದು ಅಲ್ಲಿ. ಶೌಚಕ್ಕೆಂದು ಕೊಟ್ಟ ಕಾಗದದ ಮೇಲೆ ಅವರು ಅದನ್ನು ಬರೆದರು. ಆ ಹಸ್ತಪ್ರತಿ ಗೆಸ್ಟಾಪೋ ಪೋಲೀಸರ ಕೈಸೇರಿ ಕಳೆದುಹೋಯಿತು. ಅರೆಹೊಟ್ಟೆಯ ಆಹಾರದಲ್ಲಿ ಮೈ ಸೊರಗಿ, ಮತ್ತೆ ಬೆಟ್ಟ ಹತ್ತುವ ಆಸೆಯೇ ಕ್ಷೀಣಿಸಿದ್ದ ಕಾಲದಲ್ಲಿ ಅವರು ಮೊದಲಿನಿಂದ ಪುನಃ ಬರೆಯತೊಡಗಿದರು. ಇಂದು ನಮ್ಮ ಕೈಯಲ್ಲಿರುವುದು ಈ ಎರಡನೆಯ ಬರಹ.

ಇತಿಹಾಸದ ವಿದ್ಯಾರ್ಥಿಗಳಾದ ನಾವು ಇಲ್ಲಿ ಒಂದು ಸಂದೇಹವನ್ನು ಎತ್ತಲೇಬೇಕು. ಘಟನೆ ನಡೆದು ವರ್ಷಗಳಾದ ಮೇಲೆ, ಎರಡು ಬಾರಿ ನೆನಪಿನಿಂದ ತೆಗೆದು ಬರೆದ ಗ್ರಂಥವು ಎಷ್ಟರ ಮಟ್ಟಿಗೆ ಆಧಾರವಾದೀತು? ಅದರೊಳಗಿನ ಸಂಭಾಷಣೆಗಳನ್ನು ನಡೆದಂತೆಯೇ ದಾಖಲಾದ ಮಾತುಗಳೆಂದು ಸ್ವೀಕರಿಸುವುದು ಸಲ್ಲದು. ಆದರೆ ಕೈ ಹಿಡಿದ ಬಂಡೆಯ ಒರಟು, ಕಾಲಿಟ್ಟ ಹಿಮದ ಗಡಸು, ಬೆಳಕು ಬದಲಾದ ಬಗೆ ಇವೆಲ್ಲ ಅಷ್ಟು ಸ್ಪಷ್ಟವಾಗಿ ಉಳಿದುದಕ್ಕೆ ಕಾರಣವಿದೆ. ಆರೋಹಿಗೆ ಅವಧಾನವು ಪ್ರಾಣರಕ್ಷಣೆಯ ಸಾಧನ. ಅದು ತಪ್ಪಿದರೆ ಹೆಜ್ಜೆ ತಪ್ಪುತ್ತದೆ. ಪರ್ವತದ ಮೇಲೆ ಕಲಿತ ಈ ಅವಧಾನವೇ ಸೆರೆಯಲ್ಲಿ ಸ್ಮೃತಿಯಾಗಿ, ಸ್ಮೃತಿಯೇ ಕೃತಿಯಾಯಿತೆಂಬುದು ನಮ್ಮ ಅಭಿಮತ. ಆ ಪರ್ವತಗಳು ಒಬ್ಬ ಮನುಷ್ಯನಿಗೆ ಏನಾಗಿದ್ದುವೆಂಬುದಕ್ಕೆ ಈ ಗ್ರಂಥ ಅಮೂಲ್ಯವಾದ ಆಧಾರ.

ಗ್ರಂಥದಲ್ಲಿ ಕೊರತೆಯಿಲ್ಲವೆಂದಲ್ಲ. ಬಂಡೆ, ಹಿಮ, ಒಡನಾಡಿಗಳು ಇವುಗಳ ನಡುವೆ ಆ ಕಣಿವೆಗಳಲ್ಲಿ ಬಾಳಿ, ಒಕ್ಕಲೆಬ್ಬಿಸಲ್ಪಟ್ಟು ಹೊರಟುಹೋದ ಜನರ ಇತಿಹಾಸಕ್ಕೆ ದೊರೆತ ಸ್ಥಳ ಅತ್ಯಲ್ಪ. ಹೈಲೆಂಡ್ ಪ್ರದೇಶದ ನಿರ್ಜನತೆ ಬಹುಮಟ್ಟಿಗೆ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳ ಭೂಮಾಲಿಕರು ಕುರಿಸಾಕಣೆಗಾಗಿ ರೈತರನ್ನು ಹೊರಹಾಕಿದುದರ ಫಲ. ಈ ಅರಿವಿಲ್ಲದೆ ಓದುವವನು ಮನುಷ್ಯಕೃತವಾದ ಮೌನವನ್ನು ಪ್ರಕೃತಿಯ ಮೌನವೆಂದು ಭ್ರಮಿಸಬಹುದು.

ಬಿಡುಗಡೆಯ ನಂತರ ಮರ್ರೆಯವರು ಬರವಣಿಗೆಯನ್ನೇ ವೃತ್ತಿಯನ್ನಾಗಿ ಮಾಡಿಕೊಂಡರು. 1950ರಲ್ಲಿ ಸ್ಕಾಟಿಷ್ ತಂಡವೊಂದರ ನಾಯಕರಾಗಿ ಹಿಮಾಲಯಕ್ಕೆ ಬಂದರು. 1951ರಲ್ಲಿ ಎರಿಕ್ ಶಿಪ್ಟನ್ನರ ಎವರೆಸ್ಟ್ ಪರಿಶೀಲನಾ ತಂಡದಲ್ಲಿದ್ದರು. ಇದಕ್ಕಿಂತಲೂ ಗಮನಾರ್ಹವಾದುದು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಸಂಸ್ಥೆಗಾಗಿ ಅವರು ನಡೆಸಿ, 1962ರಲ್ಲಿ ‘ಹೈಲೆಂಡ್ ಲ್ಯಾಂಡ್‌ಸ್ಕೇಪ್’ ಎಂದು ಪ್ರಕಟಿಸಿದ ಭೂದೃಶ್ಯ ಸಮೀಕ್ಷೆ. ಒಂದೊಂದು ಕಣಿವೆಯ ಸೌಂದರ್ಯವನ್ನೂ ಬೇರೆಬೇರೆಯಾಗಿ ನಿರೂಪಿಸಿ, ಅದರ ರಕ್ಷಣೆಗೆ ವಾದಿಸಿದ ಕೃತಿಯದು. ಸೆರೆಯಲ್ಲಿ ನೆನಪನ್ನು ಕಾಯ್ದ ಅವಧಾನವೇ ಇಲ್ಲಿ ನೆಲವನ್ನು ಕಾಯುವ ಕೆಲಸಕ್ಕೆ ತೊಡಗಿತು. ಕಡೆಗೆ 1982ರಲ್ಲಿ ಅವರು ರಾಬ್ ರಾಯ್ ಮೆಕ್‌ಗ್ರೆಗರನ ಚರಿತ್ರೆಯನ್ನೂ ಬರೆದರು; ಗಿರಿಗಳನ್ನು ಪ್ರೀತಿಸಿದವರು ಗಿರಿಜನರ ಬಾಳಿನ ಕಡೆಗೂ ತಿರುಗಿದರೆಂಬುದು ನಮಗೆ ಸಮಾಧಾನದ ಸಂಗತಿ.

ಆದಕಾರಣ ಈ ಗ್ರಂಥವನ್ನು ಸಾಹಸಕಥೆಯೆಂದು ಬದಿಗಿಡದೆ, ಆತ್ಮಕಥನವನ್ನು ಆಧಾರವಾಗಿ ಬಳಸುವ ಕ್ರಮವನ್ನು ಕಲಿಸಲು ನಮ್ಮ ತರಗತಿಗಳಲ್ಲಿ ಓದಿಸಬಹುದೆಂದು ಸೂಚಿಸುತ್ತೇವೆ. ಸಂದೇಹಪಡುವುದನ್ನೂ ವಿಶ್ವಾಸವಿಡುವುದನ್ನೂ ಅದು ಒಟ್ಟಿಗೆ ಕಲಿಸುತ್ತದೆ.