ಎಂಜಿನ್ ಮಾತಾಡುವಾಗ ವಾದ್ಯ ಸುಮ್ಮನಿರಲಿ

ಕಾರುಗಳ ಸಾಹಸಚಿತ್ರಗಳಿಂದ ಬಂದ ಜನಪ್ರಿಯ ಗೀತೆಗಳನ್ನು ಈ ವಾರ ಸಾಲಾಗಿ ಪರಿಶೀಲಿಸಬೇಕೆಂಬುದು ಅಂಕಣದ ಘೋಷಿತ ಉದ್ದೇಶವಾಗಿತ್ತು. ಆದರೆ ಆ ಸಾಲಿನ ತುದಿಯಲ್ಲಿ ನಿಲ್ಲುವ, 2015ರ ‘ಫ್ಯೂರಿಯಸ್ 7’ ಚಿತ್ರದ ‘ಸೀ ಯೂ ಅಗೇನ್’ ತೀರಿಕೊಂಡ ನಟ ಪಾಲ್ ವಾಕರ್ ಅವರಿಗೆ ಸಲ್ಲಿಸಿದ ವಿದಾಯಗೀತೆಯಾಗಿದ್ದು, ವೇಗವನ್ನು ಬದಿಗಿಟ್ಟೇ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಅಗ್ರಸ್ಥಾನದಲ್ಲಿ 12 ವಾರ ಉಳಿಯಿತೆಂಬುದು, ಈ ಪ್ರಕಾರದಲ್ಲಿ ಕಾರಿನ ಸ್ವಂತ ದನಿ ಎಲ್ಲಿ ಕೇಳುತ್ತದೆಂಬ ಹೆಚ್ಚು ಸ್ವಾರಸ್ಯದ ಪ್ರಶ್ನೆಯನ್ನು ಮುಂದಿಡುತ್ತದೆ.

ಉತ್ತರಕ್ಕಾಗಿ 1958ಕ್ಕೆ ಹೋಗಬೇಕು. ಕೋಲ್ಕತ್ತದಲ್ಲಿ ಗಾಯಕರಾಗಿ ಹೆಸರು ಮಾಡಿ 1944ರಲ್ಲಿ ಮುಂಬಯಿಗೆ ತೆರಳಿದ್ದ ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್, 1958ರ ‘ಚಲ್ತೀ ಕಾ ನಾಮ್ ಗಾಡಿ’ಯಲ್ಲಿ ಕಿಶೋರ್ ಕುಮಾರ್ ಮತ್ತು ಮನ್ನಾ ಡೇ ಹಾಡಿದ ಗೀತೆಯೊಂದರ ಪಲ್ಲವಿಯೊಳಗೇ ಹಾರ್ನಿನ ಕೂಗನ್ನು ಸೇರಿಸಿ, ಹಳೆಯ ಕಾರನ್ನು ಹಾಡುವ ಪಾತ್ರವನ್ನಾಗಿಸಿದರು.

ಅದೇ ವರ್ಷ ಬಂಗಾಳಿಯಲ್ಲಿ ತೆರೆಕಂಡ ಋತ್ವಿಕ್ ಘಟಕ್ ಅವರ ‘ಅಜಾಂತ್ರಿಕ್’ ಇನ್ನೂ ಮುಂದೆ ಹೋಯಿತು. ಸುಬೋಧ್ ಘೋಷ್ ಅವರ ಕತೆಯನ್ನು ಆಧರಿಸಿದ ಈ ಚಿತ್ರದಲ್ಲಿ, ಕಾಲಿ ಬ್ಯಾನರ್ಜಿ ನಟಿಸಿದ ಬಿಮಲ್ ಎಂಬ ಟ್ಯಾಕ್ಸಿ ಚಾಲಕ ಛೋಟಾ ನಾಗಪುರದ ರಸ್ತೆಗಳಲ್ಲಿ ಓಡಿಸುವ ‘ಜಗದ್ದಲ್’ ಎಂಬ ಮುರುಕು ಶೆವ್ರೊಲೆಯ ರೇಡಿಯೇಟರಿಗೆ, ಅಂದರೆ ಎಂಜಿನ್ನನ್ನು ತಂಪಾಗಿಸುವ ನೀರಿನ ತೊಟ್ಟಿಗೆ, ನೀರು ಸುರಿದಾಗ ಬಾಯಾರಿದ ಜೀವವೊಂದು ಗುಟುಕರಿಸುವ ಸದ್ದು ಕೇಳುತ್ತದೆ. ಅದರ ಹೆಡ್‌ಲೈಟು ತಾನಾಗಿಯೇ ಹೊರಳುತ್ತದೆ. ಸರೋದ್ ವಾದಕ ಉಸ್ತಾದ್ ಅಲಿ ಅಕ್ಬರ್ ಖಾನ್ ಸಂಗೀತ ನೀಡಿದ್ದರೂ ಕಾರಿನ ಅಳಲು, ಮುನಿಸುಗಳನ್ನು ಹೇಳುವ ಕೆಲಸವನ್ನು ಚಿತ್ರ ಬಹುಪಾಲು ಯಂತ್ರದ ಸದ್ದಿಗೇ ವಹಿಸುತ್ತದೆ. ಕೊನೆಗೆ ಕಾರು ಗುಜರಿಗೆ ಹೋದ ಮೇಲೂ ಅದರ ಹಾರ್ನು ಮಗುವೊಂದರ ಕೈಯಲ್ಲಿ ದನಿಗೈಯುವುದರಿಂದ, ಜಗದ್ದಲ್‌ನ ಕಡೆಯ ಮಾತೂ ಅದರದೇ ಆಗುತ್ತದೆ.

ಇಷ್ಟೆಲ್ಲ ಬಂಗಾಳದ ಕಲಾಚಿತ್ರಕ್ಕೆ ಸರಿ, ಸಾಹಸಚಿತ್ರಕ್ಕೆ ಅಬ್ಬರವೇ ಬೇಕು ಎನ್ನುವ ಪಂಥವೊಂದಿದೆ. ಬೆನ್ನಟ್ಟುವ ದೃಶ್ಯ ಆರಂಭವಾದೊಡನೆ ಡ್ರಮ್ಮಿನ ಬಡಿತವನ್ನು ತುಂಬಿ, ಗೇರು ಬದಲಾದದ್ದೂ ಟೈರು ಜಾರಿದ್ದೂ ಕೇಳದಂತೆ ಮಾಡುವುದು ಅದರ ಪದ್ಧತಿ. ಆ ಪಂಥಕ್ಕೆ ಉತ್ತರ ಹಾಲಿವುಡ್ಡಿನಲ್ಲಿಯೇ ಇದೆ. 1968ರ ‘ಬುಲಿಟ್’ ಚಿತ್ರದಲ್ಲಿ ಸಂಗೀತ ನಿರ್ದೇಶಕ ಲಾಲೊ ಶಿಫ್ರಿನ್, ಹೊಂಚಿನ ಹಂತದವರೆಗೆ ಜಾಝ್ ವಾದ್ಯಗಳಿಂದ ಬಿಗಿಯನ್ನು ಏರಿಸಿ, ಸ್ಯಾನ್ ಫ್ರಾನ್ಸಿಸ್ಕೊದ ಇಳಿಜಾರುಗಳಲ್ಲಿ ನಿಜವಾದ ಓಟ ಶುರುವಾದ ಗಳಿಗೆಯಲ್ಲೇ ಸಂಗೀತವನ್ನು ನಿಲ್ಲಿಸಿ, ಮುಂದಿನದನ್ನು ಮಸ್ಟಾಂಗ್ ಮತ್ತು ಡಾಡ್ಜ್ ಚಾರ್ಜರ್ ಕಾರುಗಳ ಎಂಜಿನ್‌ಗಳಿಗೆ ಬಿಟ್ಟುಕೊಟ್ಟರು.

ಇದರಿಂದ ಗೀತೆಯ ಬೆಲೆ ಕುಗ್ಗುವುದಿಲ್ಲ. 1961ರ ‘ಸಪ್ತಪದಿ’ಯಲ್ಲಿ ಉತ್ತಮ್ ಕುಮಾರ್ ಮತ್ತು ಸುಚಿತ್ರಾ ಸೇನ್ ಮೋಟಾರ್‌ಸೈಕಲ್ಲಿನ ಮೇಲೆ ಸಾಗುವಾಗ ಕೇಳುವ, ಹೇಮಂತ ಮುಖರ್ಜಿ ಮತ್ತು ಸಂಧ್ಯಾ ಮುಖರ್ಜಿ ಅವರ ಯುಗಳಗೀತೆಯಲ್ಲಿ ದಾರಿ ಪ್ರೇಮಕ್ಕೆ ಬಿಡುವು ಕೊಡುವುದರಿಂದ ಅಲ್ಲಿ ಹಾಡು ನ್ಯಾಯವಾಗಿಯೇ ಮುಂದೆ ನಿಲ್ಲುತ್ತದೆ. ದಾರಿ ನಿಧಾನವಾದಲ್ಲಿ ಹಾಡಿರಲಿ, ಬೆನ್ನಟ್ಟುವಲ್ಲಿ ಎಂಜಿನ್ನಿರಲಿ. ಎರಡನ್ನೂ ಒಟ್ಟಿಗೆ ಕಿರುಚಿಸುವ ಚಿತ್ರದಲ್ಲಿ ಸಂಗೀತವೂ ಇಲ್ಲ, ಕಾರೂ ಇಲ್ಲ.