ಅರವತ್ತು ದೇಶ, ಒಂದೇ ಸಬ್‌ಟೈಟಲ್

ಗೌರಿಬಿದನೂರಿನಲ್ಲಿ ಬೆಳಗಿನ ರೈಲು ಹತ್ತಿದರೆ ಕೂರಲು ಜಾಗ ಸಿಗುವುದು ಅಪರೂಪ. ಬಾಗಿಲ ಪಕ್ಕ ಒರಗಿ ನಿಂತು, ಚಿತ್ರೋತ್ಸವದ ವೇಳಾಪಟ್ಟಿ ತೆಗೆದು, ಯಾವ ಪರದೆಯಿಂದ ಯಾವ ಪರದೆಗೆ ಓಡಬೇಕು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾ ಹೋಗುತ್ತೇನೆ. ದೊಡ್ಡಬಳ್ಳಾಪುರ ಬರುವಷ್ಟರಲ್ಲಿ ಅರ್ಧ ದಿನದ ಲೆಕ್ಕ ಮುಗಿದಿರುತ್ತದೆ. ಯಲಹಂಕ ದಾಟುವಾಗ, ನೋಡಲೇಬೇಕೆಂದುಕೊಂಡ ಎರಡು ಸಿನಿಮಾ ಒಂದೇ ಹೊತ್ತಿಗೆ ಇರುವುದು ಗೊತ್ತಾಗಿ ಹೊಟ್ಟೆ ಉರಿಯುತ್ತದೆ. ನಮ್ಮೂರು ಕುಡುಮಲಕುಂಟೆಯಿಂದ ಸಿನಿಮಾ ನೋಡಲೆಂದೇ ಹೀಗೆ ಬೆಂಗಳೂರಿಗೆ ಹೋಗಿಬರುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಉಳಿದವರು ಅದೇ ರೈಲಿನಲ್ಲಿ ಕೆಲಸಕ್ಕೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗುತ್ತಾರೆ.

ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಶುರುವಾದದ್ದು 2006ರಲ್ಲಿ. ಈಗ ಅದನ್ನು ನಡೆಸುವುದು ಕರ್ನಾಟಕ ಚಲನಚಿತ್ರ ಅಕಾಡೆಮಿ. 2025ರ ಮಾರ್ಚ್ 1ರಿಂದ 8ರವರೆಗೆ ನಡೆದ 16ನೇ ಉತ್ಸವ ಕುವೆಂಪು ಅವರ ನಾಡಗೀತೆಯ ಒಂದು ಸಾಲನ್ನೇ ಆಶಯವಾಗಿ ಇಟ್ಟುಕೊಂಡಿತ್ತು. ಅರವತ್ತರಷ್ಟು ದೇಶಗಳು, ಇನ್ನೂರರ ಆಸುಪಾಸಿನ ಚಿತ್ರಗಳು, ರಾಜಾಜಿನಗರದ ಒರಾಯನ್ ಮಾಲ್‌ನ ಪರದೆಗಳು. ಏಷ್ಯಾ, ಭಾರತ, ಕನ್ನಡ ಎಂದು ಮೂರು ಸ್ಪರ್ಧೆ. ಅವುಗಳ ಆಚೆ ಸಮಕಾಲೀನ ವಿಶ್ವ ಸಿನಿಮಾ, ಒಂದು ದೇಶವನ್ನೇ ಹಿಡಿದು ನೋಡುವ ವಿಭಾಗ, ಹಿರಿಯ ನಿರ್ದೇಶಕರ ಹಳೆಯ ಚಿತ್ರಗಳ ಮರುನೋಟ, ಸಾಕ್ಷ್ಯಚಿತ್ರ. ಇಷ್ಟೆಲ್ಲವನ್ನೂ ಒಂದು ವಾರಕ್ಕೆ ಹೊಂದಿಸುವುದು ದೊಡ್ಡ ಕೆಲಸ. ಒಬ್ಬ ನೋಡುಗ ಎಂಟು ದಿನ ಬೆಳಗಿನಿಂದ ರಾತ್ರಿವರೆಗೆ ಕೂತರೂ ಮೂವತ್ತೈದು, ನಲವತ್ತು ಚಿತ್ರ ನೋಡಿಯಾನು. ಉಳಿದದ್ದೆಲ್ಲ ಕೈಬಿಟ್ಟು ಹೋಗುವಂಥದ್ದು. ಆದ್ದರಿಂದ ಪಟ್ಟಿ ಎಷ್ಟು ಉದ್ದವಿದೆ ಎನ್ನುವುದಕ್ಕಿಂತ ಅದು ಹೇಗೆ ಹೊಂದಿಕೊಂಡಿದೆ, ಯಾವುದರ ಪಕ್ಕ ಯಾವುದಿದೆ ಎನ್ನುವುದು ನನಗೆ ಮುಖ್ಯ.

ದೇಶಗಳನ್ನು ಎಣಿಸಿ ವೈವಿಧ್ಯ ಅಳೆಯುವ ರೂಢಿಯನ್ನು ಮೊದಲು ಬಿಡಬೇಕು. ಬೇರೆ ಬೇರೆ ಖಂಡಗಳಿಂದ ಬಂದ ಎಷ್ಟೋ ಸಿನಿಮಾಗಳ ನಡಿಗೆ ಒಂದೇ ಥರ ಇರುವುದನ್ನು ನಾಲ್ಕು ದಿನ ಒಟ್ಟಿಗೆ ನೋಡಿದವರು ಬಲ್ಲರು. ಉದ್ದನೆಯ ಶಾಟ್, ಮಾತಿಲ್ಲದ ನಾಯಕ, ಕಿಟಕಿಯಾಚೆ ಮಳೆ, ಮುಗಿಯದೆ ನಿಲ್ಲುವ ಮುಕ್ತಾಯ. ಇದಕ್ಕೆ ಕಾರಣವೂ ಇದೆ. ಬಡ ದೇಶಗಳ ಹೊಸ ನಿರ್ದೇಶಕರಿಗೆ ದುಡ್ಡು ಬರುವುದು ಬಹುಮಟ್ಟಿಗೆ ಯುರೋಪಿನ ನಿಧಿಗಳಿಂದ. ರಾಟರ್‌ಡ್ಯಾಮ್ ಚಿತ್ರೋತ್ಸವದ ಹ್ಯೂಬರ್ಟ್ ಬಾಲ್ಸ್ ಫಂಡ್ 1988ರಿಂದ, ಬರ್ಲಿನ್‌ನ ವರ್ಲ್ಡ್ ಸಿನಿಮಾ ಫಂಡ್ 2004ರಿಂದ ಈ ಕೆಲಸ ಮಾಡುತ್ತಿವೆ. ಅವು ಇಲ್ಲದಿದ್ದರೆ ಎಷ್ಟೋ ಚಿತ್ರಗಳು ಹುಟ್ಟುತ್ತಲೇ ಇರಲಿಲ್ಲ, ಅದನ್ನು ಮರೆಯಬಾರದು. ಆದರೆ ಒಂದೇ ಬಾವಿಯ ನೀರು ಹಾಯಿಸಿದ ಹೊಲಗಳಲ್ಲಿ ಬೆಳೆಯ ಬಣ್ಣವೂ ಒಂದೇ ಆಗತೊಡಗುತ್ತದೆ. ಆಯ್ಕೆ ಮಾಡುವವರ ಕಣ್ಣು ಇಲ್ಲಿ ಕೆಲಸ ಮಾಡಬೇಕು: ಈ ಶೈಲಿಯನ್ನು ಅಂಗಿಯ ಹಾಗೆ ತೊಟ್ಟ ಚಿತ್ರ ಯಾವುದು, ಒಳಗಿನ ಸಂಕಟವೇ ಈ ನಿಧಾನವನ್ನು ಬೇಡಿದ ಚಿತ್ರ ಯಾವುದು ಎಂದು ಬೇರ್ಪಡಿಸಬೇಕು.

ಎರಡನೆಯ ಬಗೆಯ ಚಿತ್ರಗಳು ಬಂದಾಗ ಏನಾಗುತ್ತದೆ ಎಂದು ಹೇಳಲು, ಇತ್ತೀಚಿನ ವರ್ಷಗಳಲ್ಲಿ ಜಗತ್ತಿನ ಚಿತ್ರೋತ್ಸವಗಳನ್ನು ಸುತ್ತಿದ ಎರಡನ್ನು ಎತ್ತಿಕೊಳ್ಳುತ್ತೇನೆ. ಎರಡನ್ನೂ ನಾನು ನೋಡಿದ್ದು ಮನೆಯಲ್ಲಿ, ತಡವಾಗಿ.

ಕಾರ್ಲಾ ಸಿಮೋನ್ ಅವರ 'ಅಲ್ಕರ್ರಾಸ್' 2022ರಲ್ಲಿ ಬರ್ಲಿನ್‌ನ ಚಿನ್ನದ ಕರಡಿ ಪಡೆದ ಕೆಟಲಾನ್ ಭಾಷೆಯ ಚಿತ್ರ. ಪೀಚ್ ಹಣ್ಣಿನ ತೋಟ ಮಾಡಿಕೊಂಡಿರುವ ಸೊಲೆ ಕುಟುಂಬಕ್ಕೆ ಆ ಜಮೀನಿನ ಮೇಲೆ ಕಾಗದಪತ್ರ ಇಲ್ಲ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಜಮೀನ್ದಾರನ ಮನೆಯವರನ್ನು ಇವರ ಹಿರಿಯರು ಬಚ್ಚಿಟ್ಟು ಕಾಪಾಡಿದ್ದರು; ಆ ಋಣಕ್ಕೆ ಅವರು ಕೊಟ್ಟ ಬಾಯಿಮಾತೇ ಆಧಾರ. ಜಮೀನ್ದಾರನ ಮೊಮ್ಮಗನ ಕಾಲಕ್ಕೆ ಅದು ನಡೆಯುವುದಿಲ್ಲ. ಅವನಿಗೆ ಮರ ಕಿತ್ತು ಸೋಲಾರ್ ಪ್ಯಾನೆಲ್ ಹಾಕಬೇಕು. ಚಿತ್ರ ಶುರುವಾಗುವುದು ಮಕ್ಕಳು ಆಡುವ ಒಂದು ಗುಜರಿ ಕಾರಿನಿಂದ. ಅವರಿಗದು ಆಕಾಶನೌಕೆ. ಅಷ್ಟರಲ್ಲಿ ಕ್ರೇನ್ ಬಂದು ಅದನ್ನು ಎತ್ತಿಕೊಂಡು ಹೋಗುತ್ತದೆ. ತೋಟ ಹೋಗುವ ಸುದ್ದಿ ದೊಡ್ಡವರ ಬಾಯಿಗೆ ಬರುವ ಮೊದಲೇ ನಮಗೆ ತಿಳಿದುಹೋಗುತ್ತದೆ. ನಟಿಸಿದವರಲ್ಲಿ ಹೆಚ್ಚಿನವರು ಆ ಸೀಮೆಯ ರೈತರೇ. ಹಣ್ಣು ಕೀಳುವಾಗ ಅವರ ಬೆರಳು ತಿರುಗುವ ರೀತಿಯಲ್ಲೇ ಅದು ಗೊತ್ತಾಗುತ್ತದೆ.

ಕುಡುಮಲಕುಂಟೆಯವರಿಗೆ ಇದು ಪರದೇಶದ ಕಥೆಯಲ್ಲ. ನಮ್ಮ ಸುತ್ತಲಿನ ಎಷ್ಟೋ ರಾಗಿ ಹೊಲ, ಮುಸುಕಿನ ಜೋಳದ ಹೊಲ ಕೆಐಎಡಿಬಿಯ ಕೈಗಾರಿಕಾ ಪ್ರದೇಶವಾದವು. ಈಗ ಅಲ್ಲಿ ಶೀಟ್ ಹೊದಿಸಿದ ಕಾರ್ಖಾನೆಗಳು, ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಮುಂದೆ ಸಾಲುಗಟ್ಟುವ ಬಸ್ಸುಗಳು. ಕೆಲಸ ಸಿಕ್ಕಿದವರಿದ್ದಾರೆ, ಅದನ್ನು ಇಲ್ಲವೆನ್ನಲಾರೆ. ಅಷ್ಟೇನೂ ದೂರವಲ್ಲದ ಪಾವಗಡದಲ್ಲಿ ಹದಿಮೂರು ಸಾವಿರ ಎಕರೆಯಷ್ಟು ಹೊಲ ಗುತ್ತಿಗೆಗೆ ಹೋಗಿ ಸೋಲಾರ್ ಪಾರ್ಕ್ ಆಗಿದೆ. ಅಲ್ಲಿ ಜಮೀನಿದ್ದವನಿಗೆ ವರ್ಷವರ್ಷ ಬಾಡಿಗೆ ಬರುತ್ತದೆ. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವನಿಗೆ, ವಾರಕ್ಕೆ ಉಳುತ್ತಿದ್ದವನಿಗೆ ಏನು ಬರುತ್ತದೆ? 'ಅಲ್ಕರ್ರಾಸ್' ಕೇಳುವುದು ಈ ಪ್ರಶ್ನೆಯನ್ನೇ. ಅದು ಸೋಲಾರನ್ನು ಖಳನಾಯಕ ಮಾಡುವುದಿಲ್ಲ. ಮನೆಯೊಳಗೇ ಅಳಿಯ ಪ್ಯಾನೆಲ್ ಕೆಲಸಕ್ಕೆ ಸೇರಲು ಮನಸ್ಸು ಮಾಡುತ್ತಾನೆ, ಮನೆ ಒಡೆಯುತ್ತದೆ. ನಮ್ಮ ತಾಲ್ಲೂಕಿನಲ್ಲಿ ಈ ಚಿತ್ರವನ್ನು ಒಂದು ಸಂಜೆ ತೋರಿಸಿದರೆ ಚರ್ಚೆ ನಡುರಾತ್ರಿಯವರೆಗೆ ನಡೆದೀತು ಎಂದು ನಾನು ನಂಬಿದ್ದೇನೆ.

ಇನ್ನೊಂದು, ಚೀನಾದ ಲೀ ರುಯ್‌ಜುನ್ ಅವರ 'ರಿಟರ್ನ್ ಟು ಡಸ್ಟ್'. ಅದೇ ವರ್ಷ ಬರ್ಲಿನ್ ಸ್ಪರ್ಧೆಯಲ್ಲಿತ್ತು. ಗಾನ್ಸು ಸೀಮೆಯ ಒಣ ಬಯಲಿನಲ್ಲಿ, ಮನೆಯವರಿಗೆ ಹೊರೆಯಾದ ಇಬ್ಬರಿಗೆ ಮದುವೆ ಮಾಡಿ ಕೈತೊಳೆದುಕೊಳ್ಳುತ್ತಾರೆ. ಅವನು ಮಾತು ಕಡಿಮೆಯ ರೈತ, ಅವಳು ದೇಹ ಸೋತ ಹೆಂಗಸು, ಜೊತೆಗೊಂದು ಕತ್ತೆ. ಗೋಧಿ ಬಿತ್ತುತ್ತಾರೆ, ಮಣ್ಣಿನ ಇಟ್ಟಿಗೆ ಮಾಡಿ ಮನೆ ಕಟ್ಟುತ್ತಾರೆ. ಚಿತ್ರದಲ್ಲಿ ನಡೆಯುವುದು ಬಹುಪಾಲು ಇಷ್ಟೇ.

ಇದನ್ನು ಅಮ್ಮನ ಜೊತೆ ಕೂತು ನೋಡಿದೆ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನಮ್ಮ ಮನೆಮಾತು ತೆಲುಗು, ಊರಿನ ಬೋರ್ಡು ಕನ್ನಡ. ಊರಿನ ಹೆಸರೇ ಎರಡೂ ಕಡೆಯದು: ತೆಲುಗಿನಲ್ಲಿ ಕುಡುಮು ಎಂದರೆ ಕಡುಬು, ಕುಂಟೆ ಎರಡು ಭಾಷೆಗೂ ಸೇರಿದ್ದು. ಹಿಂದೂಪುರ ಪಕ್ಕದಲ್ಲೇ ಇರುವುದರಿಂದ ಸಿನಿಮಾ ಎಂದರೆ ಇಲ್ಲಿನವರಿಗೆ ಮೊದಲಿಂದಲೂ ಎನ್‌ಟಿಆರ್. ನಾನು ಒಂದೊಂದೇ ಸಾಲನ್ನು ತೆಲುಗಿಗೆ ತಿರುಗಿಸಿ ಹೇಳುತ್ತಾ ಹೋದೆ. ಹತ್ತು ನಿಮಿಷ ಕಳೆದ ಮೇಲೆ ಅಮ್ಮ ನನ್ನನ್ನು ಸುಮ್ಮನಿರಿಸಿದರು. ರಾತ್ರಿ ಮಳೆ ಬಂದು ಗಂಡಹೆಂಡತಿ ಹಸಿ ಇಟ್ಟಿಗೆಗಳನ್ನು ಮುಚ್ಚಲು ಓಡಿ, ಕೆಸರಿನಲ್ಲಿ ಜಾರಿ ಬೀಳುವ ದೃಶ್ಯ ಬಂತು. "ಮೋಡ ನೋಡಿದಾಗಲೇ ಟಾರ್ಪಾಲು ಹೊದಿಸಬಾರದಿತ್ತಾ" ಎಂದು ಅಮ್ಮ ನಿಜಕ್ಕೂ ಬೈದರು. ಕೋಳಿಮರಿ ಮಾಡಲು ಆ ಗಂಡಹೆಂಡತಿ ರಟ್ಟಿನ ಡಬ್ಬಿಗೆ ತೂತು ಹೊಡೆದು ಒಳಗೆ ಬಲ್ಬು ಉರಿಸುತ್ತಾರೆ. ಗೋಡೆಯ ತುಂಬ ಬೆಳಕಿನ ಚುಕ್ಕಿ ಹರಡುತ್ತವೆ. ಆ ಮನುಷ್ಯ ಗೋಧಿ ಕಾಳುಗಳನ್ನು ಹೆಂಡತಿಯ ಕೈ ಮೇಲೆ ಹೂವಿನ ಹಾಗೆ ಜೋಡಿಸಿ ಒತ್ತುತ್ತಾನೆ, ಕಾಳು ತೆಗೆದರೆ ಚರ್ಮದ ಮೇಲೆ ಹೂವಿನ ಗುರುತು ಉಳಿಯುತ್ತದೆ. ಆಗ ಅಮ್ಮ ತಮ್ಮ ಕೈಯನ್ನು ಒಮ್ಮೆ ನೋಡಿಕೊಂಡರು. ಅಲ್ಲಿಗೆ ಅನುವಾದದ ಅಗತ್ಯವೇ ಇರಲಿಲ್ಲ. ಆದರೆ ಅಮ್ಮ ಅಲ್ಲಿಯವರೆಗೆ ಬರಲು ಮೊದಲ ಹತ್ತು ನಿಮಿಷದ ತೆಲುಗು ಬೇಕಾಯಿತು.

ನನ್ನ ತಕರಾರೆಲ್ಲ ಆ ಹತ್ತು ನಿಮಿಷದ್ದು. ಬೆಂಗಳೂರಿನ ಉತ್ಸವದಲ್ಲಿ ನಾನು ನೋಡಿದ ಬೇರೆ ಭಾಷೆಯ ಚಿತ್ರಗಳಿಗೆಲ್ಲ ಇಂಗ್ಲಿಷ್ ಸಬ್‌ಟೈಟಲ್. ಪರ್ಷಿಯನ್ ಇರಲಿ, ಪೋಲಿಷ್ ಇರಲಿ, ಮಲಯಾಳಂ ಇರಲಿ, ಕನ್ನಡಿಗ ಅದನ್ನು ತಲುಪಬೇಕಾದರೆ ಇಂಗ್ಲಿಷಿನ ಕಡಿದಾದ ಓಣಿಯಲ್ಲೇ ಹೋಗಬೇಕು. ಎರಡು ಸೆಕೆಂಡಿಗೊಮ್ಮೆ ಬದಲಾಗುವ ಸಾಲನ್ನು ಓದಿ, ಅರ್ಥ ಮಾಡಿಕೊಂಡು, ಮತ್ತೆ ಚಿತ್ರವನ್ನೂ ನೋಡುವುದು ಕಾಲೇಜು ಓದಿದ ನನಗೇ ಎಷ್ಟೋ ಸಲ ಆಗುವುದಿಲ್ಲ. ಮುಖ ನೋಡಿದರೆ ಮಾತು ತಪ್ಪುತ್ತದೆ, ಮಾತು ಓದಿದರೆ ಮುಖ ತಪ್ಪುತ್ತದೆ. ಕನ್ನಡ ನಾಡಿನ ದುಡ್ಡಿನಲ್ಲಿ, ಕನ್ನಡದ ಅಕಾಡೆಮಿ ನಡೆಸುವ ಉತ್ಸವದಲ್ಲಿ ಕನ್ನಡ ಓದಬಲ್ಲವರಿಗೆ ಒಂದೇ ಒಂದು ಸಾಲು ಕನ್ನಡ ಇಲ್ಲದಿರುವುದು ಸಣ್ಣ ಕೊರತೆಯಲ್ಲ. ಇಡೀ ಪಟ್ಟಿ ಯಾರಿಗಾಗಿ ಎಂಬುದನ್ನು ಅದೇ ತೀರ್ಮಾನಿಸಿಬಿಡುತ್ತದೆ.

ಇದು ಆಗದ ಕೆಲಸವೂ ಅಲ್ಲ. ಗ್ರೀಸಿನ ಥೆಸಲೊನೀಕಿಯಲ್ಲಿ ಗ್ರೀಕ್, ಟೋಕಿಯೊದಲ್ಲಿ ಜಪಾನೀಸ್ ಸಾಲುಗಳನ್ನು ಹಾಕುತ್ತಾರೆ. ಮೂಲ ಪ್ರತಿಯನ್ನು ಮುಟ್ಟಬೇಕಿಲ್ಲ. ಪರದೆಯ ಕೆಳಗೆ ಬೇರೆ ಪ್ರೊಜೆಕ್ಟರಿನಿಂದ ಅಕ್ಷರ ಬಿಟ್ಟರಾಯಿತು. ಪಕ್ಕದ ಕೇರಳದಲ್ಲಿ ಎಂಸೋನ್ ಎಂಬ ಆಸಕ್ತರ ಗುಂಪು 2012ರಿಂದ ಸಂಬಳವಿಲ್ಲದೆ ಸಾವಿರಾರು ಚಿತ್ರಗಳಿಗೆ ಮಲಯಾಳಂ ಸಬ್‌ಟೈಟಲ್ ಬರೆದಿದೆ. ಇರಾನಿನ ಸಿನಿಮಾವನ್ನು ಕೇರಳದ ಹಳ್ಳಿಯವರು ತಮ್ಮ ಭಾಷೆಯಲ್ಲೇ ಓದಿಕೊಂಡು ನೋಡಬಹುದು. ಇನ್ನೂರು ಚಿತ್ರ ಬೇಡ, ಹತ್ತಕ್ಕೆ ಮಾಡಲಿ. ನಮ್ಮಲ್ಲಿ ಒಳ್ಳೆಯ ಅನುವಾದಕರಿಗೆ ಬರವಿಲ್ಲ. ಜಗತ್ತಿನ ನಾಟಕ, ಕಾದಂಬರಿಗಳೆಲ್ಲ ಕನ್ನಡಕ್ಕೆ ಬಂದಿರುವಾಗ ಸಿನಿಮಾದ ಮಾತು ಮಾತ್ರ ಯಾಕೆ ಬರಬಾರದು?

ಜಗತ್ತಿನ ಸಿನಿಮಾ ನಮ್ಮ ಹಳ್ಳಿಯವರನ್ನು ತಲುಪಿದ್ದು ಹಿಂದೆ ನಡೆದಿದೆ ಎನ್ನುವುದೇ ನನಗೆ ಹೆಚ್ಚು ಬೇಸರ ತರುವ ಸಂಗತಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ನೀನಾಸಂ ಚಿತ್ರಸಮಾಜ ಕಟ್ಟಿದ್ದು 1973ರಲ್ಲಿ. ಅಡಿಕೆ ತೋಟದ ಜನ ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾರ ಚಿತ್ರಗಳನ್ನು ನೋಡಿದರು. ಪುಣೆಯ ಸತೀಶ್ ಬಹಾದ್ದೂರ್ ಬಂದು ಸಿನಿಮಾ ನೋಡುವುದು ಹೇಗೆಂದು ಹಳ್ಳಿಯವರ ಎದುರು ಪಾಠ ಮಾಡಿದರು. ಆ ಮೇಲೆ ಎಂಬತ್ತರ ದಶಕದಲ್ಲಿ 'ಜನಸ್ಪಂದನ' ಎಂಬ ಯೋಜನೆಯಲ್ಲಿ ಈ ಕೆಲಸ ನಾಡಿನ ಬೇರೆ ಊರುಗಳಿಗೂ ಹೋಯಿತು. ರೀಲಿನ ಡಬ್ಬಿ ಬಸ್ಸಿನ ಮೇಲೆ ಹೊತ್ತು ಸಾಗಿಸಬೇಕಿದ್ದ ಕಾಲ ಅದು. ಹಳ್ಳಿಯವರಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತದೆ ಎಂಬ ಮಾತಿಗೆ ಹೆಗ್ಗೋಡು ಆಗಲೇ ಉತ್ತರ ಕೊಟ್ಟಿದೆ. ಬೆಂಗಳೂರಿಗೂ ಈ ನಂಟು ಹೊಸತಲ್ಲ: 1971ರಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ, 1980ರಲ್ಲಿ ಫಿಲ್ಮೋತ್ಸವ, 1992ರಲ್ಲಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ. 2016 ಮತ್ತು 2017ರಲ್ಲಂತೂ ಬೆಂಗಳೂರಿನ ಉತ್ಸವವೇ ಮೈಸೂರಿಗೂ ಹೋಗಿತ್ತು. ಆಮೇಲೆ ಮತ್ತೆ ರಾಜಧಾನಿಗೇ ಮರಳಿತು. ಆ ಎರಡು ವರ್ಷದ ಪ್ರಯತ್ನವನ್ನು ಮುಂದುವರಿಸಿದ್ದರೆ ಇಷ್ಟು ಹೊತ್ತಿಗೆ ಕಲಬುರಗಿ, ಕೋಲಾರ, ಚಿಕ್ಕಬಳ್ಳಾಪುರಗಳ ಸರದಿ ಬಂದಿರುತ್ತಿತ್ತು.

ಕನ್ನಡ ವಿಭಾಗದ ಬಗ್ಗೆ ಎರಡು ಮಾತು. ಇಲ್ಲಿ ಬರುವ ಚಿತ್ರಗಳಲ್ಲಿ ಸಮಸ್ಯೆಯನ್ನು ವಿವರಿಸುವವು ಹೆಚ್ಚು, ಮನುಷ್ಯರನ್ನು ತೋರಿಸುವವು ಕಡಿಮೆ. ಬಾಲ್ಯವಿವಾಹ, ಜಾತಿ, ರೈತನ ಸಾಲ ಎಲ್ಲವೂ ಇರುತ್ತವೆ. ಆದರೆ ಪಾತ್ರಗಳು ಸರ್ಕಾರಿ ಪ್ರಕಟಣೆ ಓದಿದ ಹಾಗೆ ಮಾತಾಡುತ್ತವೆ. ಅವುಗಳ ಪಕ್ಕ ಜೈಶಂಕರ್ ಆರ್ಯರ್ ಅವರ 'ಶಿವಮ್ಮ' ಇಟ್ಟು ನೋಡಿ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಬಿಸಿಯೂಟದ ಅಡುಗೆಯವಳು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ದುಡ್ಡು ಹಾಕಿ, ಶಕ್ತಿವರ್ಧಕ ಪುಡಿ ಮಾರುತ್ತಾ ಓಣಿ ಓಣಿ ತಿರುಗುತ್ತಾಳೆ. ಅವಳ ಹಠ, ಲೆಕ್ಕಾಚಾರ, ಸುಳ್ಳು, ಮಗಳ ಮದುವೆಯ ಚಿಂತೆ ಎಲ್ಲವೂ ಕಾಲಿನ ವೇಗದಲ್ಲೇ ಇವೆ. ಚಿತ್ರ ಅವಳ ಹಿಂದೆ ಓಡುತ್ತದೆ. 2022ರಲ್ಲಿ ಬೂಸಾನ್ ಇದಕ್ಕೆ ನ್ಯೂ ಕರೆಂಟ್ಸ್ ಪ್ರಶಸ್ತಿ ಕೊಟ್ಟಿತು. ಅದರ ಹಿಂದಿನ ವರ್ಷ ಅದೇ ಬೂಸಾನ್‌ನಲ್ಲಿ ತೆರೆಕಂಡ ನಟೇಶ್ ಹೆಗಡೆ ಅವರ 'ಪೆಡ್ರೊ'ಗೆ 2022ರ ಬೆಂಗಳೂರು ಉತ್ಸವದಲ್ಲಿ ಜಾಗ ಸಿಗಲಿಲ್ಲ. ಮಲೆನಾಡಿನ ಒಬ್ಬ ಒಂಟಿ ಎಲೆಕ್ಟ್ರಿಷಿಯನ್ ಕೈಯಿಂದ ಅಕಸ್ಮಾತ್ ಒಂದು ಹಸು ಸಾಯುವುದು, ಊರು ಅವನ ಮೇಲೆ ತಿರುಗುವುದು, ಇದು ಕನ್ನಡದವರು ಕನ್ನಡದ ಉತ್ಸವದಲ್ಲೇ ಮೊದಲು ನೋಡಬೇಕಿದ್ದ ಚಿತ್ರ. ಆಯ್ಕೆ ಸಮಿತಿಗೆ ತನ್ನ ಅಭಿರುಚಿ ಇರಬಹುದು. ಆದರೆ ಕಾರಣ ಹೇಳುವ ಹೊಣೆಯೂ ಇರಬೇಕು. ಗಿರೀಶ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ' ದುರಸ್ತಿಗೊಂಡು 2024ರಲ್ಲಿ ವೆನಿಸ್‌ನಲ್ಲಿ ತೆರೆಕಂಡಾಗ ನಾವೆಲ್ಲ ಹಿಗ್ಗಿದೆವು. ಆ ಹೊಸ ಪ್ರತಿಯನ್ನು ತಾಲ್ಲೂಕು ತಾಲ್ಲೂಕಿಗೆ ಒಯ್ಯುವ ಕೆಲಸವನ್ನೂ ನಾವೇ ಮಾಡಬೇಕಲ್ಲವೇ?

ಇಷ್ಟೆಲ್ಲ ಹೇಳಿದ ಮೇಲೂ ಮುಂದಿನ ವರ್ಷ ಪಾಸು ತೆಗೆಸುತ್ತೇನೆ. ಒಂದು ಪಾಸಿನ ದುಡ್ಡಿಗೆ ಅಷ್ಟು ಲೋಕ ಬೇರೆಲ್ಲೂ ಸಿಗದು. ಕತ್ತಲಲ್ಲಿ ಮುನ್ನೂರು ಜನ ಉಸಿರು ಬಿಗಿಹಿಡಿದು, ಹೆಸರೇ ಕೇಳದ ಊರಿನ ಅಜ್ಜಿಯೊಬ್ಬಳು ಬಾಗಿಲು ತೆಗೆಯುತ್ತಾಳೋ ಇಲ್ಲವೋ ಎಂದು ಕಾಯುವುದಿದೆಯಲ್ಲ, ಅದಕ್ಕಾಗಿ ನಿಂತುಕೊಂಡೇ ರೈಲಿನಲ್ಲಿ ಹೋಗಬಹುದು. ಸಂಜೆಯ ರೈಲಿಗಾಗಿ ಕೊನೆಯ ಪ್ರದರ್ಶನ ಬಿಟ್ಟು ಎದ್ದುಬರುವುದಂತೂ ಇದ್ದದ್ದೇ.

ಮೊನ್ನೆ ರಾಗಿ ಒಕ್ಕಣೆ ಮುಗಿದ ಸಂಜೆ ಅಮ್ಮ ಮೊರ ಕೆಳಗಿಟ್ಟು, ಹಿಂದುಮುಂದಿಲ್ಲದೆ ಕೇಳಿದರು: "ಆ ಗಾಡಿದ ಏಮಾಯರಾ?" ಆ ಕತ್ತೆ ಏನಾಯಿತೋ ಎಂದು. 'ರಿಟರ್ನ್ ಟು ಡಸ್ಟ್'ನಲ್ಲಿ ಎಲ್ಲ ಮುಗಿದ ಮೇಲೆ ಆ ಮನುಷ್ಯ ಕತ್ತೆಯ ಹಗ್ಗ ಬಿಚ್ಚಿ, ಹೋಗು ಎಂದು ಬಿಟ್ಟುಬಿಡುತ್ತಾನೆ. ನಾವಿಬ್ಬರೂ ಆ ಚಿತ್ರ ನೋಡಿ ವರ್ಷವಾಗಿತ್ತು. ಎಲ್ಲೋ ಮೇಯ್ತಾ ಇರತ್ತಮ್ಮ ಎಂದೆ. ಅಮ್ಮನಿಗೆ ಅಷ್ಟು ಸಾಕಾಗಲಿಲ್ಲ. ಇನ್ನೊಂದು ಸಲ ಹಾಕು, ಈ ಸಲ ನಿಧಾನವಾಗಿ ಹೇಳು ಎಂದರು.