ಕೇಳಿ ಪಡೆದ ಅರಸು: ಸೌಲನ ಪತನವನ್ನು ಕುರಿತು

ಇಸ್ರಾಯೇಲಿನ ಮೊದಲನೆಯ ಅರಸನಾದ ಸೌಲನ ವೃತ್ತಾಂತವು ಹಳೆಯ ಒಡಂಬಡಿಕೆಯಲ್ಲಿ ಎರಡು ಕಡೆ ಬಂದಿದೆ. ಸಮುವೇಲನ ಮೊದಲನೆಯ ಗ್ರಂಥವು ೯ನೆಯ ಅಧ್ಯಾಯದಿಂದ ೩೧ನೆಯ ಅಧ್ಯಾಯದವರೆಗೆ ಅವನ ಬೆನ್ನು ಬಿಡುವುದಿಲ್ಲ. ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥಕ್ಕಾದರೋ, ವಂಶಾವಳಿಯನ್ನು ಬಿಟ್ಟರೆ, ಅವನಿಗಾಗಿ ಒಂದೇ ಅಧ್ಯಾಯ, ೧೪ ವಚನಗಳು ಸಾಕಾದುವು; ಅವೂ ಅವನ ಮರಣವನ್ನು ಹೇಳುವುದಕ್ಕೆ. ಆ ಅಧ್ಯಾಯದ ಕೊನೆಯ ಎರಡು ವಚನಗಳಲ್ಲಿ ವೃತ್ತಾಂತಕಾರನು ತನ್ನ ತೀರ್ಪನ್ನು ಬರೆದಿಟ್ಟಿದ್ದಾನೆ: ಸೌಲನು ಸತ್ತದ್ದು ದೇವದ್ರೋಹದ ದೆಸೆಯಿಂದ, ಅವನು ದೈವಾಜ್ಞೆಯನ್ನು ಮೀರಿದನು, ಪ್ರೇತವನ್ನೆಬ್ಬಿಸುವವಳ ಬಳಿಗೆ ಹೋದನು, ಯೆಹೋವನನ್ನು ಕೇಳಲಿಲ್ಲ. ಧರ್ಮೋಪದೇಶಕ್ಕೆ ಒದಗುವುದು ಹೆಚ್ಚಾಗಿ ಈ ತೀರ್ಪೇ. ಅದು ಚಿಕ್ಕದು, ಖಚಿತವಾದುದು, ನೆನಪಿನಲ್ಲಿಟ್ಟುಕೊಳ್ಳಲು ಸುಲಭವಾದುದು.

ಆದರೆ ಹಳೆಯ ಕಥನವನ್ನು ತೆರೆದು ೨೮ನೆಯ ಅಧ್ಯಾಯವನ್ನು ಓದಿದವನಿಗೆ ಒಂದು ತೊಡಕು ಎದುರಾಗುತ್ತದೆ. ಅಲ್ಲಿ ಸೌಲನು ಯೆಹೋವನನ್ನು ಕೇಳಿದನೆಂದೇ ಇದೆ. ಕನಸಿನಿಂದಾಗಲಿ, ಯಾಜಕರ ಊರೀಮಿನಿಂದಾಗಲಿ, ಪ್ರವಾದಿಗಳಿಂದಾಗಲಿ ಉತ್ತರ ಬರಲಿಲ್ಲ. ಒಬ್ಬ ಲೇಖಕನು ಕೇಳಲಿಲ್ಲವೆನ್ನುತ್ತಾನೆ. ಇನ್ನೊಬ್ಬನು ಕೇಳಿದನು, ಉತ್ತರ ಬರಲಿಲ್ಲವೆನ್ನುತ್ತಾನೆ. ಶುದ್ಧಹೃದಯದಿಂದ ಕೇಳಲಿಲ್ಲವಾದುದರಿಂದ ಕೇಳಿದ್ದೂ ಕೇಳದಂತೆಯೇ ಆಯಿತೆಂದು ಹೇಳಿ ಈ ಬಿರುಕನ್ನು ಮುಚ್ಚುವ ವ್ಯಾಖ್ಯಾನ ಪದ್ಧತಿಯೊಂದುಂಟು. ಅದಕ್ಕೆ ಮೂಲದಲ್ಲಿ ಆಧಾರವಾಗಿ ಒಂದು ಅಕ್ಷರವೂ ಇಲ್ಲ. ಈ ಎರಡು ಮಾತುಗಳ ನಡುವಣ ಅಂತರದಲ್ಲಿಯೇ ಸೌಲನ ಪತನದ ಮರ್ಮವಿದೆಯೆಂದು ನಮ್ಮ ಅಭಿಪ್ರಾಯ.

ಹೀಬ್ರೂ ಭಾಷೆಯಲ್ಲಿ ಸೌಲನೆಂಬ ಹೆಸರಿಗೆ ‘ಕೇಳಿ ಪಡೆದವನು’ ಎಂದೇ ಅರ್ಥ. ಇತರ ಜನಾಂಗಗಳಿಗಿರುವಂತೆ ತಮಗೂ ಅರಸನು ಬೇಕೆಂದು ಹಿರಿಯರು ಕೇಳಿದರು. ಕೇಳಿದವರಿಗೆ ಈ ಹೆಸರಿನವನು ದೊರೆತನು. ಯಾಚಿಸುವುದಕ್ಕೆ ಆ ಭಾಷೆಯಲ್ಲಿ ಒಂದು ಧಾತು. ಕಿವಿಗೊಡುವುದಕ್ಕೂ ವಿಧೇಯನಾಗುವುದಕ್ಕೂ ಇನ್ನೊಂದು. ಕನ್ನಡದ ‘ಕೇಳು’ ಎಂಬ ಕ್ರಿಯಾಪದವು ಈ ಮೂರನ್ನೂ ಒಳಗೊಂಡಿದೆ: ವರವನ್ನು ಕೇಳುತ್ತೇವೆ, ಹಾಡನ್ನು ಕೇಳುತ್ತೇವೆ, ಹಿರಿಯರ ಮಾತು ಕೇಳುತ್ತೇವೆ. ಮೂಲದಲ್ಲಿ ಎರಡು ಎಳೆಗಳಾಗಿರುವುದು ಕನ್ನಡಿಗನ ಕಿವಿಗೆ ಒಂದಾಗಿ ಬೀಳುತ್ತದೆ. ಈ ಕಥೆಯನ್ನು ನಮ್ಮ ನುಡಿಯಲ್ಲಿ ಓದುವವರಿಗೆ ಇದೊಂದು ಅನಿರೀಕ್ಷಿತವಾದ ಲಾಭ. ಹನ್ನಳು ಕೇಳಿ ಪಡೆದ ಮಗು ಸಮುವೇಲ. ಇರುಳಿನಲ್ಲಿ ತನ್ನನ್ನು ಕರೆದ ದನಿಗೆ ಓಗೊಟ್ಟವನು ಅವನು. ಜನರು ಕೇಳಿ ಪಡೆದ ಅರಸು ಸೌಲ. ಇವನ ಕಿವಿ ಯಾರ ಕಡೆಗಿತ್ತೆಂಬುದನ್ನು ಕಥನಕಾರನು ಮತ್ತೆ ಮತ್ತೆ ತೋರಿಸುತ್ತಾನೆ.

ಸೌಲನು ಮೊದಲಿನಿಂದಲೂ ದುಷ್ಟನಲ್ಲ. ತಂದೆಯ ಕತ್ತೆಗಳನ್ನು ಹುಡುಕಿಕೊಂಡು ಹೊರಟವನು ರಾಜ್ಯವನ್ನು ಪಡೆದು ಬಂದನು. ಚೀಟು ತನ್ನ ಹೆಸರಿಗೆ ಬಿದ್ದಾಗ ಸಾಮಾನುಗಳ ನಡುವೆ ಅಡಗಿಕೊಂಡನು. ಎಲ್ಲರಿಗಿಂತ ಒಂದು ತಲೆಯಷ್ಟು ಎತ್ತರವಾದ ಆಳು ಹಾಗೆ ಅಡಗುವುದರಲ್ಲಿ ವಿನಯವೂ ಇದೆ, ಜನರ ಕಣ್ಣಿನ ಭಯವೂ ಇದೆ. ಅಮ್ಮೋನಿಯರ ನಾಹಾಷನು ಯಾಬೇಷ್ ಗಿಲ್ಯಾದಿನವರ ಬಲಗಣ್ಣುಗಳನ್ನು ಕೀಳಿಸುವೆನೆಂದಾಗ ಅವರನ್ನು ಉಳಿಸಿದವನು ಸೌಲನೇ. ಗೆದ್ದ ದಿನ ತನ್ನ ವಿರೋಧಿಗಳನ್ನು ಕೊಲ್ಲಬಾರದೆಂದು ತಡೆದವನೂ ಅವನೇ.

ಮೊದಲ ಬಿರುಕು ಗಿಲ್ಗಾಲಿನಲ್ಲಿ ಕಾಣುತ್ತದೆ. ಸಮುವೇಲನು ಬರುವವರೆಗೆ ಏಳು ದಿನ ಕಾಯಬೇಕಾಗಿತ್ತು. ಎದುರಿನಲ್ಲಿ ಫಿಲಿಷ್ಟಿಯರ ದಂಡು. ಇತ್ತ ಜನರು ಚದರಿಹೋಗುತ್ತಿದ್ದರು. ಕೊನೆಗೆ ಉಳಿದವರು ಸುಮಾರು ೬೦೦ ಮಂದಿ. ಸೌಲನು ತಾನೇ ಸರ್ವಾಂಗಹೋಮವನ್ನು ಅರ್ಪಿಸಿದನು. ಅರ್ಪಿಸಿ ಮುಗಿಸುತ್ತಿದ್ದಂತೆ ಸಮುವೇಲನು ಬಂದನು. ಇಷ್ಟಕ್ಕೆ ರಾಜ್ಯವೇ ನಿಲ್ಲದೆಂಬ ಮಾತು ಕಠಿನವೆಂದು ತೋರಿದರೆ ಓದುಗನ ತಪ್ಪಲ್ಲ. ಕಥನಕಾರನೂ ಸೌಲನ ಕಷ್ಟವನ್ನು ಮರೆಮಾಚಿಲ್ಲ.

ಎರಡನೆಯ ಸಂದರ್ಭವು ಇದಕ್ಕಿಂತ ಕಠಿನ. ಅಮಾಲೇಕ್ಯರನ್ನು ಮಕ್ಕಳು ಮರಿಗಳೊಡನೆ ನಿರ್ಮೂಲ ಮಾಡಬೇಕೆಂಬ ಆಜ್ಞೆಯನ್ನು ಇಂದಿನ ಓದುಗನು ನಿರ್ವಿಕಾರವಾಗಿ ಓದಲಾರ, ಓದಲೂ ಬಾರದು. ಆ ಮುಳ್ಳನ್ನು ನಾವು ಇಲ್ಲಿ ಕೀಳಲು ಹೊರಟಿಲ್ಲ. ಆದರೆ ಸೌಲನು ಕರುಣೆಗಾಗಿ ದಂಡಿತನಾದನೆಂದು ಹೇಳುವುದು ಮೂಲಕ್ಕೆ ಒಪ್ಪದು. ಅವನ ಕಡೆಯವರು ಉಳಿಸಿದ್ದು ಅರಸನಾದ ಅಗಾಗನನ್ನು ಮತ್ತು ಕೊಬ್ಬಿದ ಕುರಿದನಗಳನ್ನು, ಬೆಲೆಯಿಲ್ಲದುದೆಲ್ಲ ನಾಶವಾಯಿತು. ಆಜ್ಞೆಯನ್ನು ನಡೆಸಿದೆನೆಂದು ಸೌಲನು ಹೇಳಿದಾಗ ಕುರಿಗಳ ಅರಚಾಟ ಸಮುವೇಲನ ಕಿವಿಗೆ ಬೀಳುತ್ತದೆ. ದೇವರ ದನಿ, ಜನರ ದನಿ, ಕುರಿಗಳ ದನಿ, ಮೂರಕ್ಕೂ ಮೂಲದಲ್ಲಿ ಒಂದೇ ಶಬ್ದ. ಮೊದಲು ಜನರ ಮೇಲೆ ತಪ್ಪನ್ನು ಹೊರಿಸಿದ ಅರಸನು ಕಡೆಗೆ ನಿಜವನ್ನೇ ನುಡಿಯುತ್ತಾನೆ: ತಾನು ಜನರಿಗೆ ಹೆದರಿ ಅವರ ದನಿಯನ್ನು ಕೇಳಿದೆನೆಂದು. ಆ ಒಪ್ಪಿಗೆಯ ಬೆನ್ನಿಗೇ, ಜನರ ಹಿರಿಯರ ಮುಂದೆ ತನ್ನ ಮಾನವನ್ನು ಉಳಿಸಬೇಕೆಂದು ಬೇಡುತ್ತಾನೆ. ಪಶ್ಚಾತ್ತಾಪದ ಗಳಿಗೆಯಲ್ಲಿಯೂ ಅವನ ಕಣ್ಣು ಸಭೆಯ ಮೇಲೆಯೇ ಇದೆ. ದ್ರೋಹವೆಂಬ ಮಾತು ಸಲ್ಲುವುದಾದರೆ ಅದು ಸಲ್ಲುವುದು ಇಲ್ಲಿ ಎಂದು ನಮಗೆ ತೋರುತ್ತದೆ.

ದಾವೀದನ ಕಿನ್ನರಿ, ಹೆಂಗಸರ ಹಾಡು, ಗೋಡೆಗೆ ನಾಟಿದ ಈಟಿ, ಇವೆಲ್ಲ ಪ್ರಸಿದ್ಧವಾದುವು; ಬ್ರೌನಿಂಗ್ ಕವಿಯ ೧೮೫೫ರ ನೀಳ್ಗವನವನ್ನು ಓದಿದವರಿಗೆ ಆ ಕಿನ್ನರಿಯ ವಿಷಯವನ್ನು ಮತ್ತೆ ಹೇಳಬೇಕಾಗಿಲ್ಲ. ಇಷ್ಟು ಪ್ರಸಿದ್ಧವಲ್ಲದ ಒಂದು ಘಟನೆಯನ್ನು ಮಾತ್ರ ಬಿಡುವಂತಿಲ್ಲ. ದಾವೀದನಿಗೆ ರೊಟ್ಟಿ ಕೊಟ್ಟ ಅಪರಾಧಕ್ಕಾಗಿ ಸೌಲನು ಎದೋಮ್ಯನಾದ ದೋಯೇಗನ ಕೈಯಿಂದ ೮೫ ಮಂದಿ ಯಾಜಕರನ್ನು ಕೊಲ್ಲಿಸಿದನು. ಅವರ ಊರಾದ ನೋಬಿನಲ್ಲಿ ಹೆಂಗಸರು, ಮೊಲೆಗೂಸುಗಳು, ದನಕುರಿಗಳು ಯಾವುದೂ ಉಳಿಯಲಿಲ್ಲ. ಅಮಾಲೇಕಿನಲ್ಲಿ ಅರ್ಧಕ್ಕೆ ನಿಂತ ಕತ್ತಿ ಸ್ವಜನರ ಮೇಲೆ ಪೂರ್ಣವಾಗಿ ಬೀಸಿತು. ದೇವರನ್ನು ಕೇಳುವ ಸಾಧನವಾದ ಏಫೋದು ಅಳಿದುಳಿದ ಒಬ್ಬ ಯಾಜಕನೊಡನೆ ದಾವೀದನ ಪಾಳೆಯವನ್ನು ಸೇರಿತು. ಏಂದೋರಿನ ಮುನ್ನ ಊರೀಮು ಮೌನವಾಗಿತ್ತೆಂದಾಗ, ಆ ಮೌನಕ್ಕೆ ಸೌಲನ ಕೈಯೂ ಕಾರಣವೆಂಬುದನ್ನು ಮರೆಯುವಂತಿಲ್ಲ.

ಏಂದೋರಿನ ಪ್ರಸಂಗವು ಈ ಗ್ರಂಥದ ಅತ್ಯುತ್ತಮ ಭಾಗಗಳಲ್ಲಿ ಒಂದು. ಪ್ರೇತ ವಿದ್ಯೆಯವರನ್ನು ದೇಶದಿಂದ ಹೊರಗಟ್ಟಿದ ಅರಸನೇ ವೇಷ ಮರೆಸಿಕೊಂಡು ರಾತ್ರಿಯಲ್ಲಿ ಅಂಥವಳೊಬ್ಬಳ ಮನೆಗೆ ಬರುತ್ತಾನೆ. ನಿಲುವಂಗಿ ತೊಟ್ಟ ಸಮುವೇಲನು ಏಳುತ್ತಾನೆ; ಹೊಸ ಮಾತೊಂದನ್ನೂ ಹೇಳುವುದಿಲ್ಲ, ಹಿಂದಿನ ತೀರ್ಪಿಗೆ ನಾಳೆ ಎಂಬ ಗಡುವನ್ನು ಮಾತ್ರ ಸೇರಿಸುತ್ತಾನೆ. ಹಗಲಿರುಳು ಉಪವಾಸವಿದ್ದ ಸೌಲನು ಉದ್ದಕ್ಕೆ ನೆಲಕ್ಕೆ ಬೀಳುತ್ತಾನೆ. ಅನಂತರ ನಡೆಯುವುದು ಯಾವ ಉಪದೇಶಕ್ಕೂ ಬೇಕಿಲ್ಲದ್ದು, ಆದುದರಿಂದ ಹೆಚ್ಚು ಗಮನಾರ್ಹವಾದುದು. ನಾನು ನಿನ್ನ ಮಾತು ಕೇಳಿದೆ, ಈಗ ನೀನು ನನ್ನ ಮಾತು ಕೇಳು ಎಂಬ ಭಾವದಿಂದ ಆ ಹೆಂಗಸು ಊಟಕ್ಕೆ ಒತ್ತಾಯಿಸುತ್ತಾಳೆ. ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟು ನಾದಿ, ಹುಳಿಯಿಲ್ಲದ ರೊಟ್ಟಿ ಸುಡುತ್ತಾಳೆ. ಸೌಲನು ಮೊದಲು ಒಲ್ಲೆನೆಂದು ಕಡೆಗೆ ಕೇಳುತ್ತಾನೆ. ತಾನೇ ಹೊರಗಟ್ಟಿದ ಕುಲದವಳ ದನಿ ಅವನು ಕೇಳಿದ ಕೊನೆಯ ಕರುಣೆಯ ದನಿ. ಪ್ರವಾದಿಯು ಕೊಡದ ತುತ್ತನ್ನು ಅವಳು ಕೊಟ್ಟಳೆಂಬುದನ್ನು ಕಥನಕಾರನು ಒಂದು ಮಾತಿನ ಟೀಕೆಯಿಲ್ಲದೆ ಬರೆದಿದ್ದಾನೆ.

ಕನ್ನಡ ವಾಚಕನಿಗೆ ಇಲ್ಲಿ ರನ್ನನ ‘ಗದಾಯುದ್ಧ’ ನೆನಪಾಗದಿರದು. ಅಲ್ಲಿಯೂ ಅಂತ್ಯವನ್ನು ಸಮೀಪಿಸಿದ ಅರಸನು ಹಿರಿಯನೊಬ್ಬನನ್ನು ಕಾಣಲು ಹೋಗುತ್ತಾನೆ. ಶರಶಯ್ಯೆಯ ಭೀಷ್ಮನು ಸಂಧಿಯ ಮಾತನ್ನಾಡುತ್ತಾನೆ, ದುರ್ಯೋಧನನು ಒಪ್ಪುವುದಿಲ್ಲ. ಸಾಮ್ಯವು ಅಲ್ಲಿಗೆ ಮುಗಿಯುತ್ತದೆ. ದುರ್ಯೋಧನನು ಛಲದಿಂದ ಕೆಟ್ಟವನು. ಸೌಲನಿಗೆ ಛಲವೆಂಬುದೇ ಇರಲಿಲ್ಲ. ಸುತ್ತಲಿನವರ ಮುಖ ನೋಡಿ ನೋಡಿ ಅವನು ಸವೆದುಹೋದನು. ಆದುದರಿಂದ ಅವನನ್ನು ನೋಡಿ ನಾವು ಬೆರಗಾಗುವುದಿಲ್ಲ, ಅಳುಕುತ್ತೇವೆ.

ಪೂರ್ವಕಾಲವೃತ್ತಾಂತಕಾರನು ಇದನ್ನೆಲ್ಲ ಏಕೆ ಬಿಟ್ಟನೆಂಬುದನ್ನು ಊಹಿಸಬಹುದು. ಅವನು ಬರೆದುದು ಕ್ರಿ. ಪೂ. ೫೮೬ರ ಸುಮಾರಿನಲ್ಲಿ ಯೆರೂಸಲೇಮು ಬಿದ್ದು, ಜನರು ಬಾಬೆಲಿಗೆ ಸೆರೆಹೋಗಿ, ಹಿಂದಿರುಗಿ ಬಂದ ಅನಂತರ. ಸೌಲನ ವಿಷಯದಲ್ಲಿ ಬಳಸಿದ ದ್ರೋಹವೆಂಬ ಪದವನ್ನೇ ಅವನು ಹಿಂದಿನ ಅಧ್ಯಾಯದಲ್ಲಿ ಯೆಹೂದದ ಸೆರೆಗೂ ಕಾರಣವಾಗಿ ಹೇಳಿದ್ದಾನೆ. ಮನೆಮಠ ಕಳೆದುಕೊಂಡ ಜನಕ್ಕೆ ತಮ್ಮ ದುಃಖಕ್ಕೊಂದು ಕಾರಣ ಬೇಕಾಗಿತ್ತು. ಆ ಅವಶ್ಯಕತೆಯನ್ನು ನಾವು ಹಗುರವಾಗಿ ಕಾಣಬಾರದು. ಆದರೂ ಅವನ ಲೇಖನಿ ಎಲ್ಲಿ ಸಂಕ್ಷೇಪಿಸಿತೆಂಬುದನ್ನು ನೋಡಬೇಕು. ಗಿಲ್ಬೋವದ ಬೆಟ್ಟದಲ್ಲಿ ಮೂವರು ಮಕ್ಕಳೊಡನೆ ಮಡಿದ ಸೌಲನ ಶವವನ್ನು ಯಾಬೇಷಿನ ಶೂರರು ತಂದು, ಎಲುಬುಗಳನ್ನು ಮರದಡಿಯಲ್ಲಿ ಹೂಳಿ, ಏಳು ದಿನ ಉಪವಾಸ ಮಾಡಿದುದನ್ನು ಅವನೂ ಬರೆದಿದ್ದಾನೆ. ಬಲಗಣ್ಣುಗಳನ್ನು ಉಳಿಸಿಕೊಟ್ಟವನಿಗಾಗಿ ಆ ಊರಿನವರು ರಾತ್ರಿಯೆಲ್ಲಾ ನಡೆದು ಹೋಗಿ ಬೇತ್‌ಷೆಯಾನಿನ ಗೋಡೆಯಿಂದ ಅವನ ಹೆಣವನ್ನು ಇಳಿಸಿದರೆಂಬುದು ಮಾತ್ರ ಸಮುವೇಲನ ಗ್ರಂಥದಲ್ಲಿಯೇ ಇದೆ.